ಕಪ್ಪೆರಾಯನ ಬೆನ್ನ ಹಿಂದೆ

ಕಪ್ಪೆರಾಯನಿಗೆ ಬೆನ್ನು ಇರಲಿಲ್ಲ. ಎದೆಯೂ ಇರಲಿಲ್ಲ. ಇದ್ದದ್ದು ಒಂದು ಮಗ್ಗುಲು ಮಾತ್ರ: ಒಂದು ಕಣ್ಣು, ಒಂದು ಕೆನ್ನೆ, ಸೊಂಟಕ್ಕೆ ಕಟ್ಟಿಕೊಂಡ ಒಂದು ಕಂದೀಲು. ಆ ಒಂದೇ ಮಗ್ಗುಲನ್ನು ತೋರಿಸುತ್ತ ಅವನು ಟಿ.ವಿ. ಪರದೆಯ ಎಡದಿಂದ ಬಲಕ್ಕೆ ಜಿಗಿಯುತ್ತ ಹೋಗುತ್ತಿದ್ದ. ಹಾವು ಬಂದರೆ ಮೇಲಿಂದ ಹಾರುತ್ತಿದ್ದ, ಕೊಳ ಬಂದರೆ ತಾವರೆ ಎಲೆಗಳ ಮೇಲೆ ಕಾಲಿಟ್ಟು ದಾಟುತ್ತಿದ್ದ. ಹಿಂದಕ್ಕೆ ಮಾತ್ರ ಬರುತ್ತಿರಲಿಲ್ಲ. ಅವನು ಮುಂದೆ ಹೋದಷ್ಟೂ ಪರದೆಯ ಎಡದ ಅಂಚು ಅವನ ಹಿಂದೆಯೇ ಸರಿದು ಬರುತ್ತಿತ್ತು. ಅಂಚಿನಾಚೆ ಹೋದ ಮರ, ಬಂಡೆ, ಗುಡ್ಡ ಕಣ್ಣಿಗೆ ಮರೆಯಾಗುತ್ತಿದ್ದವು ಅಷ್ಟೇ ಅಲ್ಲ, ಇಲ್ಲವೇ ಆಗಿಬಿಡುತ್ತಿದ್ದವು. ಆ ಕಾಲದ ವಿಡಿಯೋ ಗೇಮ್ ಯಂತ್ರಕ್ಕೆ ನೆನಪು ಬಹಳ ಕಡಿಮೆ. ಮುಂದಿನ ಗುಡ್ಡವನ್ನು ಬರೆಯಲು ಅದು ಹಿಂದಿನ ಗುಡ್ಡವನ್ನು ಒರೆಸಿ, ಅದೇ ಜಾಗದಲ್ಲಿ ಬರೆಯುತ್ತಿತ್ತು.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಬೆಳೆದ ದಾನೇಶ್ವರಿಗೆ ಚಿಕ್ಕಂದಿನಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ. ಆಟದ ಕ್ಯಾಸೆಟ್ಟಿನ ಮೇಲೆ ಯಾವುದೋ ದೇಶದ ಅಕ್ಷರ. ಕಪ್ಪೆರಾಯ ಎಂಬ ಹೆಸರೇ ಓಣಿಯ ಹುಡುಗರು ಇಟ್ಟದ್ದು. ತಾನು ದಾಟಿ ಬಂದ ಕಾಡು ಎಲ್ಲಿ ಹೋಯಿತೆಂದು ಯೋಚಿಸಿ ಯೋಚಿಸಿ ಅವಳೇ ಒಂದು ಉತ್ತರ ಕಂಡುಕೊಂಡಿದ್ದಳು. ಅಂಚಿನಾಚೆ ಒಬ್ಬ ಹೆಂಗಸು ಕಸಬರಿಗೆ ಹಿಡಿದು ನಿಂತಿದ್ದಾಳೆ. ಕಪ್ಪೆರಾಯ ಮುಂದೆ ಹೋದಂತೆ ಹಿಂದಿನಿಂದ ಎಲ್ಲವನ್ನೂ ಗುಡಿಸುತ್ತ ಬರುತ್ತಾಳೆ. ಅವನು ಎಲ್ಲಾದರೂ ನಿಂತುಬಿಟ್ಟರೆ ಅವನನ್ನೂ ಗುಡಿಸುತ್ತಾಳೆ. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವ ಸ್ವಭಾವವೇ ಅವಳದಲ್ಲ.

ಆ ಆಟದ ನಾಲ್ಕೂ ಭಾಗಗಳನ್ನು ಮೂರು ಆಯಾಮಕ್ಕೆ ತರುವ ಕೆಲಸ ಗೋಕುಲ ರಸ್ತೆಯ ಒಂದು ಸಣ್ಣ ಸ್ಟುಡಿಯೋಗೆ ಬಂದಾಗ ದಾನೇಶ್ವರಿ ಅಲ್ಲಿ ಟೆಸ್ಟರ್ ಆಗಿದ್ದಳು. ಆಟಗಳನ್ನು ಆಡಿ ತಪ್ಪು ಹುಡುಕುವುದು ಅವಳ ಕೆಲಸ. ಯಾರೊಡನೆಯೂ ಹೆಚ್ಚು ಮಾತಾಡದೆ ಇಡೀ ದಿನ ಕಳೆಯಬಹುದು ಎಂಬ ಕಾರಣಕ್ಕೇ ಅವಳಿಗೆ ಅದು ಹಿಡಿಸಿತ್ತು.

ಮರಗಳಿಗೆ ಹಿಂಬದಿ, ಗುಡ್ಡಗಳಿಗೆ ಆಚೆಯ ಇಳಿಜಾರು, ಕಪ್ಪೆರಾಯನಿಗೆ ಚುಕ್ಕೆ ಚುಕ್ಕೆಯ ಬೆನ್ನು, ಇವನ್ನೆಲ್ಲ ಚಿತ್ರ ಬರೆಯುವವರು ಕೂಡಿಸಿದರು. ತೊಡಕಾದದ್ದು ಹಿಂದೆ ತಿರುಗುವ ಗುಂಡಿ. ಹೊಸ ಆಟದಲ್ಲಿ ಆಡುವವರು ಕಪ್ಪೆರಾಯನ ಕಣ್ಣಿನಿಂದಲೇ ನೋಡುತ್ತಾರೆ, ಬೇಕೆಂದಾಗ ತಿರುಗುತ್ತಾರೆ. ತಿರುಗಿದಾಗ ಅಲ್ಲಿ ಏನು ತೋರಿಸಬೇಕು? ಮೂಲ ಆಟದಲ್ಲಿ ಅಲ್ಲಿ ಏನೂ ಇಲ್ಲ. ನಾಲ್ಕು ಭಾಗಗಳಷ್ಟು ಉದ್ದದ 'ಹಿಂದೆ'ಯನ್ನು ಹೊಸದಾಗಿ ಬರೆಯಲು ಸ್ಟುಡಿಯೋಗೆ ಜನವೂ ಇಲ್ಲ, ಸಮಯವೂ ಇಲ್ಲ.

ಸ್ಟುಡಿಯೋದ ಯಜಮಾನರಾದ ಹಂಚಿನಾಳ ಸರ್ ಇದಕ್ಕೆ ಕಂಡುಹಿಡಿದದ್ದೇ ಊಹೆಪಟ್ಟಿ. ಹಣೆಗೆ ಕಟ್ಟುವ, ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಮನುಷ್ಯನ ಮಿದುಳು ಕಣ್ಣಿಗಾಗಿ ಕಾಯುವುದಿಲ್ಲ. ಬಾಗಿಲು ತೆರೆಯುವ ಮೊದಲೇ ಆಚೆಗೆ ಏನಿರಬಹುದೆಂದು ಒಂದು ಚಿತ್ರ ಬರೆದಿಟ್ಟುಕೊಂಡಿರುತ್ತದೆ. ಕಣ್ಣು ಆಮೇಲೆ ಹೋಗಿ ಅದನ್ನು ತಿದ್ದುತ್ತದೆ. ತಿದ್ದುವ ಮುಂಚಿನ ಆ ಚಿತ್ರವನ್ನು ಊಹೆಪಟ್ಟಿ ಹಿಡಿಯುತ್ತಿತ್ತು. ಆಡುವವರು ತಿರುಗಿದ ಕ್ಷಣಕ್ಕೆ ಸರಿಯಾಗಿ, ಅವರು ಏನನ್ನು ಕಾಣುತ್ತೇವೆಂದುಕೊಂಡಿದ್ದರೋ ಅದನ್ನೇ ಬರೆದು ತೋರಿಸುತ್ತಿತ್ತು.

"ಮುಂದಿಂದು ನಾವು ಕೊಡೋಣು. ಹಿಂದಿಂದು ಅವರವರು ತಂದ್ಕೊಳ್ಳಲಿ" ಎಂದರು ಸರ್.

"ಅನ್ನ ನಾವು ಹಾಕ್ತೀವಿ, ಸಾರು ಮನಿಯಿಂದ ತರ್ರಿ ಅಂದಂಗಾತು" ಎಂದ ಇಮ್ತಿಯಾಜ್. ಇಮ್ತಿಯಾಜ್ ನದಾಫ ಅಲ್ಲಿನ ಇನ್ನೊಬ್ಬ ಟೆಸ್ಟರ್. ದಾನೇಶ್ವರಿಗಿಂತ ಚಿಕ್ಕವನು, ಅವಳ ಪಾಲಿನ ಮಾತನ್ನೂ ಸೇರಿಸಿ ಆಡುವವನು.

ಆಟದ ಒಡೆತನವಿದ್ದ ಪರದೇಶದ ಕಂಪನಿಯವರು ಒಂದು ಪರೀಕ್ಷೆ ಹೇಳಿ ಕಳಿಸಿದ್ದರು. ಆಡುವವರನ್ನು ಹಿಂದಿನಿಂದ ಯಾರಾದರೂ ಕೂಗಿದರೆ, ಅವರು ತಿರುಗಿದಾಗ ಏನಾಗುತ್ತದೆ, ನೋಡಿ ಎಂದು.

"ಹೊರಗ ಹೊಂಟವರನ್ನ ಹಿಂದಿಂದ ಕೂಗ್ತಾರೇನ್ರಿ ಯಾರರೆ?" ಎಂದರು ಸರ್. "ಅವರಿಗೆ ಗೊತ್ತಿಲ್ಲ, ಕೇಳ್ಯಾರ. ಹೊಸಾ ಕೆಲಸ, ಶುರುವಿನ್ಯಾಗ ಅಪಶಕುನ ಬ್ಯಾಡ. ಬಿಡ್ರಿ ಅದನ್ನ."

ಯಾರೂ ಎದುರಾಡಲಿಲ್ಲ. ಅವರೆಲ್ಲರ ಮನೆಯಲ್ಲೂ ಅದೇ ರೂಢಿ. ಹೊಸ್ತಿಲು ದಾಟಿದವರು ಏನಾದರೂ ಮರೆತಿದ್ದರೆ, ಮನೆಯವರು ಓಡಿ ಹೋಗಿ ಎದುರಿಗೆ ನಿಂತು ಕೊಡುತ್ತಾರೆಯೇ ಹೊರತು ಬೆನ್ನಿಗೆ ಕೂಗುವುದಿಲ್ಲ. ಹೀಗಾಗಿ ಆಟದ ಹಿಂಬದಿಗೆ ಹೊರಗಿನ ಒಂದು ದನಿಯನ್ನೂ ಅವರು ಹಾಕಲಿಲ್ಲ. ಅಲ್ಲಿ ಕಾಣುವುದೂ ಕೇಳುವುದೂ ಎರಡೂ ಆಡುವವರ ಊಹೆಯೇ ಆಗಿ ಉಳಿಯಿತು.

ದಾನೇಶ್ವರಿ ಮೊದಲ ಸಲ ಪಟ್ಟಿ ಕಟ್ಟಿ, ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಒಳಗೆ ಹೋದಾಗ ಕಾಡು ಎಷ್ಟು ಚೆನ್ನಾಗಿತ್ತೆಂದರೆ ಅವಳು ತಪ್ಪು ಹುಡುಕುವುದನ್ನೇ ಮರೆತಳು. ಚಿಕ್ಕಂದಿನಿಂದ ಒಂದೇ ಮಗ್ಗುಲಲ್ಲಿ ನೋಡಿದ್ದ ಬಿದಿರುಮೆಳೆಯ ಒಳಗೆ ಈಗ ಕೈ ಹಾಕಬಹುದಿತ್ತು. ಹಾವಿನ ಮೈ ದುಂಡಗಿತ್ತು. ಸ್ವಲ್ಪ ದೂರ ಜಿಗಿದು ಹೋಗಿ, ನಿಂತು, ಹಿಂದೆ ತಿರುಗುವ ಗುಂಡಿ ಒತ್ತಿದಳು.

ದಾಟಿ ಬಂದ ದಾರಿ ಹಾಗೆಯೇ ಇತ್ತು. ಬಿದಿರು, ಬಂಡೆ, ಕೊಳ. ಬಹಳ ದೂರದಲ್ಲಿ, ದಾರಿ ಹೊರಳುವ ಕಡೆ, ಒಬ್ಬ ಹೆಂಗಸು ಸೊಂಟ ಬಗ್ಗಿಸಿ ಕಸ ಗುಡಿಸುತ್ತಿದ್ದಳು. ಮುಖ ನೆಲಕ್ಕೆ. ಅವಳ ಹಿಂದೆ ಕಾಡಿರಲಿಲ್ಲ, ಆಕಾಶವಿರಲಿಲ್ಲ. ಸುಣ್ಣ ಬಳಿದ ಗೋಡೆಯಂಥ ಬಿಳಿ ಮಾತ್ರ. ಸರ್ರ್, ಸರ್ರ್ ಎಂಬ ಸಪ್ಪಳ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕೇಳುತ್ತಿತ್ತು.

ದಾನೇಶ್ವರಿ ಮುಂದಕ್ಕೆ ತಿರುಗಿ ಜಿಗಿದಳು. ತಡೆಯಲಾರದೆ ಮತ್ತೆ ಹಿಂದೆ ನೋಡಿದಳು. ಹೆಂಗಸು ಕೊಳದ ಈಚೆಗೆ ಬಂದಿದ್ದಳು. ಕೊಳ ಇರಲಿಲ್ಲ.

"ಏನ್ ಕಂಡ್ತಕ್ಕಾ ಹಿಂದ?" ಹೆಡ್‌ಸೆಟ್ ತೆಗೆದಾಗ ಇಮ್ತಿಯಾಜ್ ಕೇಳಿದ.

"ಗಿಡಾ" ಎಂದಳು. ಇಷ್ಟು ದೊಡ್ಡವಳಾಗಿ, ಮಗಳ ತಾಯಿಯಾಗಿ, ಆಫೀಸಿನಲ್ಲಿ ಕಸಬರಿಗೆಯ ಹೆಂಗಸಿನ ಕಥೆ ಹೇಳಲು ಅವಳಿಗೆ ನಾಚಿಕೆಯಾಯಿತು. "ನಿನಗ?"

"ನನಗೂ ಗಿಡಾ" ಎಂದ ಇಮ್ತಿಯಾಜ್. ಅಂದು ಅವನು ಬೇರೆ ಏನೂ ತಮಾಷೆ ಮಾಡಲಿಲ್ಲ.

ಮನೆಯಲ್ಲಿ ಮುಂಜಾನೆಯೆಂದರೆ ಸನ್ನಿಧಿಯನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವ ಗಡಿಬಿಡಿ. ಸನ್ನಿಧಿ ಒಂದನೇ ತರಗತಿ. ವ್ಯಾನು ಹಿಟ್ಟಿನ ಗಿರಣಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಮಗಳು ಮುಂದೆ, ತಾಯಿ ಹಿಂದೆ. ಪಾಟಿಚೀಲ ಭಾರವೆಂದು ದಾನೇಶ್ವರಿ ಅದರ ತಳಕ್ಕೆ ಕೈಕೊಟ್ಟು ಎತ್ತಿ ಹಿಡಿದು ನಡೆಯುತ್ತಿದ್ದಳು. ಹಾಗೆ ನಡೆಯುವಾಗ ಇಬ್ಬರಿಗೂ ಮಾತು ಬೇಕಿರಲಿಲ್ಲ.

"ಅವ್ವಾ, ಅದೀ?" ಎಂದು ಮಗಳು ಆಗಾಗ, ತಿರುಗದೆಯೇ ಕೇಳುವಳು.

"ಅದೀನಿ, ನಡಿ."

ಹೊರಟ ಮೇಲೆ ಹಿಂದೆ ತಿರುಗಬಾರದು ಎಂದು ಕಲಿಸಿದವಳು ದಾನೇಶ್ವರಿಯೇ. ಅವಳಿಗೆ ಅವಳವ್ವ ಕಲಿಸಿದ್ದಳು. ಕಲಿಸುವಾಗ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಮಕ್ಕಳ ಕೈಯಲ್ಲೂ ಒಮ್ಮೆ ಆಡಿಸಿ ನೋಡಬೇಕೆಂದು ಹಂಚಿನಾಳ ಸರ್ ಹೇಳಿದಾಗ ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಕರೆತಂದರು. ಸನ್ನಿಧಿಗೆ ಪಟ್ಟಿ ದೊಡ್ಡದಾಗಿ, ಹಿಂದೆ ಒಂದು ಪಿನ್ನು ಹಾಕಬೇಕಾಯಿತು. ದಾನೇಶ್ವರಿ, ಮಗು ಕಿರುಚಿದರೆ ತಕ್ಷಣ ಬಿಚ್ಚಿಬಿಡಬೇಕೆಂದು ಪಟ್ಟಿಯ ಮೇಲೇ ಕೈಯಿಟ್ಟುಕೊಂಡು ನಿಂತಿದ್ದಳು. ಸನ್ನಿಧಿ ಕಿರುಚಲಿಲ್ಲ. ಕುಣಿದಳು, ನಕ್ಕಳು, ಹಾವಿಗೆ ಬೈದಳು. ಮೇಲಿಂದ ಮೇಲೆ ಹಿಂದೆ ತಿರುಗಿದಳು, ಮತ್ತೆ ಓಡಿದಳು.

"ಹಿಂದ ಏನೈತಿ, ಬಂಗಾರಾ?" ಸರ್ ಬಗ್ಗಿ ಕೇಳಿದರು.

"ಏನಿಲ್ಲ. ನಮ್ಮವ್ವ ಅದಾಳ."

ಎಲ್ಲರೂ ನಕ್ಕರು. "ಅಕ್ಕಾ, ನಿಮಗ ಅಲ್ಲೂ ರಜಾ ಇಲ್ಲ ನೋಡ್ರಿ" ಎಂದ ಇಮ್ತಿಯಾಜ್. ದಾನೇಶ್ವರಿಯೂ ನಕ್ಕಳು. ಎದೆಯ ಭಾರ ಇಳಿದು ಅವಳಿಗೆ ಕಣ್ಣಲ್ಲಿ ನೀರು ಬಂತು. ತನ್ನ ಬೆನ್ನ ಹಿಂದೆ ಇರುವಂಥದ್ದು ಮಗಳ ಬೆನ್ನ ಹಿಂದೆ ಇಲ್ಲ. ಅಲ್ಲಿ ತಾನಿದ್ದೇನೆ. ಇದಕ್ಕಿಂತ ಇನ್ನೇನು ಬೇಕು? ಆಮೇಲೆ ಸನ್ನಿಧಿ ಆಟಕ್ಕಾಗಿ ಹಟ ಮಾಡಿದಾಗಲೆಲ್ಲ ಸ್ಟುಡಿಯೋಗೆ ಕರೆದುಕೊಂಡು ಹೋದಳು.

ಪಟ್ಟಿಯ ತಪ್ಪು ಬಲು ಸರಳವಾದದ್ದು. ಊಹಿಸಿದ್ದು ಕಣ್ಣಿಗೆ ಕಾಣುತ್ತದೆ. ಕಂಡದ್ದರಿಂದ ಊಹೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಊಹೆ ಮುಂದಿನ ಸಲ ಇನ್ನಷ್ಟು ಹತ್ತಿರ ಕಾಣುತ್ತದೆ. ಗಿಡಮರಗಳಾದರೆ ತೊಂದರೆಯಿಲ್ಲ, ಅವು ನಿಂತಲ್ಲೇ ನಿಲ್ಲುತ್ತವೆ. ನಡೆಯಬಲ್ಲದ್ದೇನಾದರೂ ಆದರೆ ನಡೆದು ಬರುತ್ತದೆ. ಪಟ್ಟಿ ಬಿಚ್ಚಿಟ್ಟರೆ ಆಟ ನಿಲ್ಲುತ್ತದೆ, ಆದರೆ ಮಿದುಳು ಕಲಿತದ್ದನ್ನು ಯಾರೂ ಬಿಚ್ಚಿಡುವುದಿಲ್ಲ.

ಒಂದು ದಿನ ಒಲೆಯ ಮುಂದೆ ಬೇಳೆ ಕುದಿಸುತ್ತ ನಿಂತಿದ್ದಾಗ ದಾನೇಶ್ವರಿಗೆ ಹಿಂದಿನಿಂದ ಆ ಸಪ್ಪಳ ಕೇಳಿತು. ಸರ್ರ್. ನಡುಮನೆಯಲ್ಲಿ ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಿದರೆ ಮುಗಿಯಿತು, ಬರೀ ನಡುಮನೆ ಇರುತ್ತದೆ. ಆದರೆ ತಿರುಗಿದಾಗ ನಡುಮನೆ ಇರದಿದ್ದರೆ? ಟಿ.ವಿ., ಮಂಚ, ಗೋಡೆಯ ಕ್ಯಾಲೆಂಡರು ಎಲ್ಲ ಗುಡಿಸಿ ಹೋಗಿ ಆ ಬಿಳಿ ಇದ್ದರೆ? ಬೇಳೆ ಉಕ್ಕಿ ಒಲೆ ಆರಿತು. ಅವಳು ಗ್ಯಾಸ್ ಬಂದ್ ಮಾಡಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಗೋಡೆ ಹಿಡಿದು ಸುತ್ತು ಹಾಕಿ, ಮುಂಬಾಗಿಲಿನಿಂದ ನಡುಮನೆಗೆ ಬಂದಳು. ಆಮೇಲಾಮೇಲೆ ಅದೇ ಅಭ್ಯಾಸವಾಯಿತು.

"ಮನಿಗೆ ಯಾಕ ಪ್ರದಕ್ಷಿಣಿ ಹಾಕಾಕತ್ತೀ? ಹರಕಿ ಏನರೆ ಐತೇನು?" ಎಂದ ಗಂಡ ಗುರುಪಾದ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಬರುವುದಿಲ್ಲ.

"ಹಿತ್ತಲದಾಗ ಅರಬಿ ಒಣಗ್ಯಾವೇನು ನೋಡಾಕ ಹೋಗಿದ್ನಿರೀ."

"ದಿನಕ್ಕ ಹತ್ತ ಸಲ?"

ಅವಳು ಮತ್ತೆ ಹಿತ್ತಲ ಬಾಗಿಲು ದಾಟಿದಳು. ಅವನು ಅವಳನ್ನೇ ನೋಡುತ್ತ ನಿಂತ.

ಸ್ಟುಡಿಯೋದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಇಮ್ತಿಯಾಜ್ ತನ್ನ ಸ್ಕೂಟರಿನ ಪಕ್ಕ ಸುಮ್ಮನೆ ನಿಂತಿದ್ದ. "ಅಕ್ಕಾ, ಗಾಡಿ ಒಂಚೂರು ತಿರುವಿ ಕೊಡ್ರಿ" ಎಂದ. ಅವನ ಅಂಗಿಯ ಕಾಲರು ಬೆವರಿನಿಂದ ತೊಯ್ದಿತ್ತು.

ದಾನೇಶ್ವರಿ ಗಾಡಿ ತಿರುವಲು ಹೋದಳು. ಹಿಂದಕ್ಕೆಳೆಯಬೇಕಾದರೆ ಹಿಂದೆ ನೋಡಬೇಕು. ಅವಳ ಕೈ ಹ್ಯಾಂಡಲ್ಲಿನ ಮೇಲೇ ನಿಂತಿತು. ಇಬ್ಬರೂ ಅಕ್ಕಪಕ್ಕ, ಒಂದೇ ಗೋಡೆಗೆ ಮುಖ ಮಾಡಿ ನಿಂತರು.

"ನಿಮಗೂ" ಎಂದ ಇಮ್ತಿಯಾಜ್.

"ನನಗ ಒಬ್ಬಾಕಿ ಕಸಾ ಹೊಡಿಯಾಕಿ" ಎಂದಳು ದಾನೇಶ್ವರಿ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ನಿನಗ ಯಾರು?"

"ಯಾರೂ ಇಲ್ಲ. ಅಂಚು. ಟಿ.ವಿ. ಅಂಚು ಇತ್ತಲ್ಲ, ಅದ. ಮೊದಲ ದೂರ ಇತ್ತು. ಈಗ ಅದರ ತಂಪು ಕುತ್ತಿಗಿಗೆ ಹತ್ತತೈತಿ."

ಇಬ್ಬರೂ ಸರ್ ಹತ್ತಿರ ಹೋದರು. ಹಂಚಿನಾಳ ಸರ್ ತಮ್ಮ ಕುರ್ಚಿಯನ್ನು ಗೋಡೆಗೆ ಅಮರಿಸಿ, ಗೋಡೆಗೂ ಬೆನ್ನಿಗೂ ನಡುವೆ ಕೂದಲೆಳೆಯಷ್ಟೂ ಸಂದು ಉಳಿಯದಂತೆ ಕುಳಿತಿದ್ದರು. ಅವರ ಬೆನ್ನಿಗೂ ಏನೋ ಬಂದಿತ್ತು. "ಬಿಡುಗಡಿ ಹತ್ರ ಬಂದೈತಿ. ಏನರೆ ದಾರಿ ಹುಡುಕೋಣು" ಎಂದರು ಅವರು, ನೆಟ್ಟಗೆ ಮುಂದೆಯೇ ನೋಡುತ್ತ.

ದಾರಿಯನ್ನು ಯಾರೂ ಹುಡುಕಲಿಲ್ಲ. ಅದಾಗಿಯೇ ಸಿಕ್ಕಿತು. ದಾನೇಶ್ವರಿ ಒಂದು ಮುಂಜಾನೆ ಬಸ್‌ಸ್ಟಾಪಿಗೆ ಹೊರಟಿದ್ದಳು. ಕಸಬರಿಗೆ ಅಷ್ಟೊತ್ತಿಗೆ ಅವಳ ಹಿಮ್ಮಡಿಗೆ ಬಂದಿತ್ತು. ಪ್ರತಿ ಹೆಜ್ಜೆಗೂ ಮಣ್ಣು ಸಿಡಿದು ಕಾಲಿಗೆ ತಾಗಿದಂತಾಗುತ್ತಿತ್ತು. ಹಲ್ಲು ಕಚ್ಚಿ ನಡೆಯುತ್ತಿದ್ದಳು. ಓಡಿದರೆ ಅದೂ ಓಡುತ್ತದೆಂದು ಗೊತ್ತಿತ್ತು.

"ದಾನೀ, ಡಬ್ಬಿ ಬಿಟ್ಟು ಹೊಂಟೀ ನೋಡು."

ಅವಳು ತಿರುಗಿದಳು. ಯೋಚಿಸಿ ತಿರುಗಿದ್ದಲ್ಲ, ಕುತ್ತಿಗೆ ತಾನಾಗಿ ತಿರುಗಿತು. ಹೆಗಲ ಮೇಲೆ ಟವೆಲು ಹಾಕಿಕೊಂಡು, ಡಬ್ಬಿ ಹಿಡಿದು ಗುರುಪಾದ ನಿಂತಿದ್ದ. ಅವನ ಹಿಂದೆ ಓಣಿ, ಓಣಿಯ ನಳ, ನಳದ ಕೊಡಗಳು. ಬೇರೆ ಏನೂ ಇರಲಿಲ್ಲ. ಸಪ್ಪಳ ನಿಂತಿತ್ತು.

"ತಪ್ಪಾತು ಮಾರಾಯ್ತಿ, ಹಿಂದಿಂದ ಕರದೆ" ಎಂದ ಗುರುಪಾದ. "ಒಳಗ ಬಾ, ಕುಂತು ನೀರು ಕುಡದು ಹೋಗು."

"ಇನ್ನೊಮ್ಮೆ ಕರೀರಿ."

"ಏನು?"

"ಹಿಂದಿಂದ ಇನ್ನೊಮ್ಮೆ ಕರೀರಿ" ಎಂದು ಅವಳು ಬೆನ್ನು ತಿರುಗಿಸಿ ನಿಂತಳು. ಅವನು ಹುಚ್ಚುಹಿಡಿದವರನ್ನು ನೋಡುವಂತೆ ನೋಡಿ, ಕರೆದ. ಅವಳು ತಿರುಗಿದಳು. ಓಣಿ ಇತ್ತು. ನಡುಬೀದಿಯಲ್ಲೇ ಕುಳಿತು ಅಳತೊಡಗಿದಳು.

ಅಂದು ಸ್ಟುಡಿಯೋದ ಮೆಟ್ಟಿಲ ಮೇಲೆ ಅವಳು ಇಮ್ತಿಯಾಜನ ಹೆಸರು ಹಿಡಿದು ಹಿಂದಿನಿಂದ ಕೂಗಿದಳು. ಅವನು ತಿರುಗಿದ, ಬಹಳ ಹೊತ್ತು ಬರೀ ಮೆಟ್ಟಿಲುಗಳನ್ನೇ ನೋಡಿದ. "ಅಕ್ಕಾ, ನೀವು ಇಷ್ಟು ಜೋರು ಮಾತಾಡ್ತೀರಿ ಅಂತ ಗೊತ್ತಿರಲಿಲ್ಲ" ಎಂದ. ಸರ್ ಬೆನ್ನಿನಿಂದ ಗೋಡೆಯನ್ನು ಬಿಡಿಸುವುದು ಸ್ವಲ್ಪ ಕಷ್ಟವಾಯಿತು. ಊಹೆಗೆ ಗೊತ್ತಿಲ್ಲದ ಒಂದು ನಿಜವಾದ ದನಿ ಹಿಂದಿನಿಂದ ಬಂದರೆ ಸಾಕು, ಮಿದುಳು ತನ್ನ ಚಿತ್ರವನ್ನು ಹರಿದು ಹೊಸದು ಬರೆದುಕೊಳ್ಳಲೇಬೇಕು. ತಾವು ಬೇಡವೆಂದು ಬಿಟ್ಟ ಪರೀಕ್ಷೆಯೇ ಮದ್ದಾಗಿತ್ತು.

ಸರ್ ಆಟಕ್ಕೆ ಆ ಮದ್ದನ್ನು ಸೇರಿಸಿದರು. ಆಡುವವರು ಪ್ರತಿ ಕಾಡನ್ನು ದಾಟುವಾಗಲೂ ಒಂದು ದನಿ ಹಿಂದಿನಿಂದ ಕರೆಯುತ್ತದೆ: "ಏ ರಾಯಾ, ಇಲ್ಲಿ ನೋಡು." ಬೇರೆ ಯಾರನ್ನೂ ಹುಡುಕುವ ವ್ಯವಧಾನವಿರಲಿಲ್ಲವಾಗಿ ಆ ದನಿಯನ್ನು ದಾನೇಶ್ವರಿಯೇ ಕೊಟ್ಟಳು. ಮೈಕಿನ ಮುಂದೆ ಅವಳಿಗೆ ನಾಚಿಕೆಯಾಗಿ, ಎಲ್ಲರನ್ನೂ ಹೊರಗೆ ಕಳಿಸಬೇಕಾಯಿತು. ಪಟ್ಟಿ ಕಟ್ಟಿ ಆಡಿದ್ದ ಮಕ್ಕಳನ್ನೆಲ್ಲ ಮತ್ತೆ ಕರೆಸಿ, ಅವರವರ ತಾಯಂದಿರಿಂದ ಹಿಂದಿನಿಂದ ಕೂಗಿಸಿ ನೋಡಿದರು. ಒಬ್ಬಿಬ್ಬರು ಬೆಚ್ಚಿದರು, ಆಮೇಲೆ ನಕ್ಕರು. ಸನ್ನಿಧಿ ಬೆಚ್ಚಲೂ ಇಲ್ಲ.

"ಸನ್ನೀ."

"ಏನವ್ವಾ?" ಎಂದು ತಟ್ಟನೆ ತಿರುಗಿ ನಕ್ಕಳು.

ಎಲ್ಲ ಸರಿಯಾಯಿತು ಎಂದುಕೊಂಡರು. ಆಟ ಬಿಡುಗಡೆಯಾಯಿತು. ಊರೂರಿನ ಮಕ್ಕಳ ಹಣೆಗೆ ಪಟ್ಟಿ ಬಂತು. ಸನ್ನಿಧಿಯೂ ಮನೆಯಲ್ಲೇ ಕುಳಿತು ಆಡಿದಳು. ಇನ್ನು ಅಪಾಯವಿಲ್ಲವೆಂದು ದಾನೇಶ್ವರಿಯೇ ಪಟ್ಟಿ ಕಟ್ಟಿಕೊಟ್ಟಳು. ಮಗಳು ಆಡುವಾಗ ತನ್ನ ದನಿ ಹೆಡ್‌ಸೆಟ್ಟಿನಿಂದ ಸಣ್ಣಗೆ ಕೇಳಿಬರುವುದು ಅವಳಿಗೆ ಸೋಜಿಗವೆನಿಸುತ್ತಿತ್ತು.

ಮೊದಲು ಗಮನಕ್ಕೆ ಬಂದದ್ದು ಊಟದ ಹೊತ್ತಿನಲ್ಲಿ. ದಾನೇಶ್ವರಿ ಎದುರಿಗೆ ಕುಳಿತು ತುತ್ತು ಹಿಡಿದಿದ್ದಳು. ಸನ್ನಿಧಿ ಬಾಯಿ ತೆರೆದಳು, ಆದರೆ ತಲೆಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ, ಭುಜದ ಆಚೆಯಿಂದ ಬರುವ ತುತ್ತಿಗೆಂಬಂತೆ ಕಾದಳು.

"ಎದರಿಗೆ ಅದೀನಲ, ಇಲ್ಲಿ ನೋಡು."

ಸನ್ನಿಧಿ ನೋಡಿದಳು. ತುತ್ತು ತಿಂದಳು. ಅಗಿಯುತ್ತ ಮತ್ತೆ ತಲೆ ವಾಲಿಸಿ, ಹಿಂದಿನ ಯಾರಿಗೋ ಕಣ್ಣಲ್ಲೇ ಏನೋ ಹೇಳಿ ನಕ್ಕಳು.

ಆಮೇಲೆ ಮಲಗುವಾಗ ಮೊದಲಿನಂತೆ ತಾಯಿಗೆ ಬೆನ್ನು ಒರಗಿಸದೆ, ಮಂಚದ ಖಾಲಿ ಅಂಚಿನ ಕಡೆ ಬೆನ್ನು ಮಾಡಿ, ಒರಗಿಕೊಂಡಂತೆ ಮಲಗತೊಡಗಿದಳು. ಶಾಲೆಯ ಚಿತ್ರಗಳನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿ ತೋರಿಸುವಳು. ಅಪ್ಪನೊಡನೆ ಮೊದಲಿನಂತೆಯೇ ಇದ್ದಳು, ಜಗಳಾಡುವಳು, ಹೆಗಲೇರುವಳು. ಡಾಕ್ಟರು ಕಣ್ಣು ನೋಡಿ, ಕಿವಿ ನೋಡಿ, ಎಲ್ಲ ಚೆನ್ನಾಗಿದೆ ಎಂದರು. ತಾಯಿಯ ಮುಖ ಎದುರಿಗೆ ಬಂದಾಗ ಮಾತ್ರ ಆ ಕಣ್ಣುಗಳಲ್ಲಿ ಒಂದು ಬಗೆಯ ಮರ್ಯಾದೆ ಬರುತ್ತಿತ್ತು. ಮನೆಗೆ ಬಂದ ನೆಂಟರನ್ನು ನೋಡುವಂಥದ್ದು.

"ನಾ ಯಾರು ಹೇಳು" ಎಂದು ಒಂದು ಸಂಜೆ ದಾನೇಶ್ವರಿ ಮೊಣಕಾಲೂರಿ ಕೇಳಿದಳು.

ಸನ್ನಿಧಿ ಬಹಳ ಹೊತ್ತು ಯೋಚಿಸಿದಳು. "ನಮ್ಮವ್ವನಂಗ ಅದೀರಿ" ಎಂದಳು.

ಬಹುವಚನ. ಗುರುಪಾದ ಪೇಪರಿನಿಂದ ತಲೆಯೆತ್ತಿದ.

ಮರುದಿನ ಸರ್ ಎದುರಿಗೆ ದಾನೇಶ್ವರಿ ಎಲ್ಲವನ್ನೂ ಹೇಳಿದಳು. ಅವರು ಸನ್ನಿಧಿಯ ಆಟದ ಹಳೆಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ಓಡಿಸಿದರು. ಮಗು ತಿರುಗಿದ ಮೊದಲ ಸಲ ಒಬ್ಬ ತಾಯಿ ದೂರದಲ್ಲಿ ನಿಂತಿದ್ದಳು. ದಾನೇಶ್ವರಿಯದೇ ಸೀರೆ, ದಾನೇಶ್ವರಿಯದೇ ನಿಲುವು. ಪ್ರತಿ ಸಲ ಇನ್ನಷ್ಟು ಹತ್ತಿರ. ಮುಖವಿದ್ದ ಜಾಗದಲ್ಲಿ ಮುಖವಿರಲಿಲ್ಲ, ಬರೀ ನಸುಬೆಳಕಿತ್ತು. ಬೆನ್ನ ಹಿಂದೆ ನಡೆದು ಬರುವ ತಾಯಿಯ ಮುಖವನ್ನು ಮಗು ಎಂದಾದರೂ ನೋಡಿದ್ದರಲ್ಲವೆ ಊಹಿಸುವುದು? ಕೊನೆಯ ಚಿತ್ರದಲ್ಲಿ ಆ ಬೆಳಕು ಇಡೀ ಪರದೆ ತುಂಬಿತ್ತು.

"ನಾ ಹಿಂದಿಂದ ಕರದಿದ್ದೆನಲ್ಲ ಸರ್. ತಿರುಗಿದ್ಲು. ನಕ್ಕಳು."

"ನಮ್ಮದು ಹೆದರಿಕಿ ಇತ್ತು" ಎಂದರು ಸರ್ ಮೆಲ್ಲಗೆ. "ಹೆದರಿಕಿ ಯಾವಾಗ್ಲೂ ಮುರಿಯಾಕ ಕಾಯ್ತಿರತೈತಿ. ಒಂದು ದನಿ ಸಾಕಾತು. ನಿಮ್ಮ ಮಗಳು ಹೆದರಿಲ್ಲ. ಆಕಿ ಅವ್ವ ಅದಾಳ ಅಂದ್ಕೊಂಡ್ಲು, ನೀವು ಕರದ್ರಿ, ತಿರುಗಿದ್ರ ಅವ್ವ ಇದ್ಲು. ಊಹೆ ಮುರೀಲಿಲ್ಲ. ಗಟ್ಟಿ ಆತು. ಆಮ್ಯಾಲ ಆಟದಾಗಿನ ದನೀನೂ ನಿಮ್ಮದ. ಈಗ ಆಕೀಗೆ ದನಿ ಸೈತ ಐತಿ."

ಆಕೆ ಎಂದದ್ದು ಯಾರನ್ನು ಎಂದು ದಾನೇಶ್ವರಿ ಕೇಳಲಿಲ್ಲ. "ಬ್ಯಾರೆ ಮನಿಗಳೊಳಗ?" ಎಂದಳು. "ಎಲ್ಲಾ ತಾಯಂದ್ರೂ ಮಕ್ಕಳ ಹಿಂದ ನಡಿಯವರ ಅಲ್ರೀ ಸರ್."

ಸರ್ ಮೇಜಿನ ಮೇಲಿನ ಪಟ್ಟಿಯನ್ನು ಎತ್ತಿ, ಡ್ರಾಯರಿನೊಳಗಿಟ್ಟು, ಡ್ರಾಯರು ಮುಚ್ಚಿದರು. ಇಮ್ತಿಯಾಜ್ ಆಗಲೇ ಫೋನು ಹಿಡಿದು, ಮಕ್ಕಳನ್ನು ಕರೆತಂದಿದ್ದವರ ಮನೆಗಳಿಗೆ ಒಂದೊಂದಾಗಿ ಹಚ್ಚುತ್ತಿದ್ದ. ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮಗು ತಾಯಿಯ ಮುಖ ನೋಡಿ ಅವ್ವಾ ಅನ್ನುತ್ತದೆಯೇ? ಪ್ರತಿ ಮನೆಯಲ್ಲೂ ತಾಯಿ ಫೋನು ಕೆಳಗಿಟ್ಟು ಮಗುವಿನ ಎದುರಿಗೆ ಹೋಗಿ ನಿಂತು ನೋಡುತ್ತಿದ್ದಳು.

ಇನ್ನು ಉಳಿದದ್ದು ಒಂದೇ ಉಪಾಯ. ಹಿಂದಿರುವ ಆ ತಾಯಿ ಎಂದೂ ಆಡದ ದನಿಯಲ್ಲಿ, ಆಡದ ಮಾತಿನಲ್ಲಿ ಕರೆಯಬೇಕು. ದಾನೇಶ್ವರಿ ಮಗಳ ಮೇಲೆ ಈವರೆಗೆ ರೇಗಿದವಳಲ್ಲ. ಕನ್ನಡಿಯ ಮುಂದೆ ನಿಂತು ರೇಗುವುದನ್ನು ಕಲಿತಳು. ತನ್ನ ಮುಖ ತನಗೇ ಗುರುತು ಸಿಗದಷ್ಟು ಕಲಿತಳು.

ಮುಂಜಾನೆ ಸನ್ನಿಧಿ ಪಾಟಿಚೀಲ ಹೊತ್ತು ಹೊರಟಳು. ದಾನೇಶ್ವರಿ ಚೀಲಕ್ಕೆ ಕೈಕೊಡದೆ ಹಿಂದುಳಿದಳು. ಚೀಲ ಕೆಳಗೆ ಜಗ್ಗಬೇಕಿತ್ತು, ಜಗ್ಗಲಿಲ್ಲ. ಮಗು ಹಗುರವಾಗಿ ನಡೆಯುತ್ತಿತ್ತು. ಬೇಕೆಂದೇ ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿರಬಹುದು ಎಂದು ದಾನೇಶ್ವರಿ ತನಗೆ ತಾನೇ ಹೇಳಿಕೊಂಡಳು. ಎರಡು ಜಡೆಗಳು ಅಲ್ಲಾಡುತ್ತ ಓಣಿಯ ನಡುವಿಗೆ ಬಂದವು. ಅಷ್ಟರಲ್ಲಿ ಅವಳು ಒಮ್ಮೆಲೇ ಗಂಟಲು ಹರಿಯುವಂತೆ ಕೂಗಿದಳು.

"ಸನ್ನಿಧೀ. ನಿಂದ್ರಲೇ ಅಲ್ಲೇ. ತಿರುಗು ಈ ಕಡೆ, ತಿರುಗಿಲ್ಲಂದ್ರ ಕಾಲು ಮುರೀತೀನಿ."

ನಳದ ಹತ್ತಿರದ ಹೆಂಗಸರು ಬೆಚ್ಚಿ ನೋಡಿದರು. ಸನ್ನಿಧಿ ನಿಂತಳು. ಅವಳ ಹೆಗಲು ಬಿಗಿಯಿತು. ಮಗುವಿನ ತಲೆ ಮೆಲ್ಲಗೆ ಹೊರಳಿತು. ಪೂರ್ತಿ ಹಿಂದಕ್ಕಲ್ಲ, ತನ್ನ ಭುಜದ ಪಕ್ಕದವರೆಗೆ, ಅಲ್ಲಿ ಯಾರಾದರೂ ಬಾಗಿ ನಿಂತಿದ್ದರೆ ಅವರ ಕಿವಿ ಇರುವಷ್ಟು ಎತ್ತರಕ್ಕೆ.

"ಅವ್ವಾ, ಹಿಂದ ಯಾರೋ ಬೈಯಾಕತ್ತಾರ" ಎಂದಳು.

ಆಲಿಸಿದಳು. ತಲೆಯಾಡಿಸಿದಳು.

"ಹೂಂ, ತಿರುಗೂದಿಲ್ಲ" ಎಂದು ಮತ್ತೆ ನಡೆಯತೊಡಗಿದಳು.

ದಾನೇಶ್ವರಿ ಓಡಿದಳು. ಮಗಳನ್ನು ದಾಟಿ ಹೋಗಿ, ಗಿರಣಿಯ ತಿರುವಿನಲ್ಲಿ, ದಾರಿಗೆ ಅಡ್ಡವಾಗಿ ಮೊಣಕಾಲೂರಿ ಕುಳಿತು, ಎರಡೂ ಕೈ ಚಾಚಿದಳು. ವ್ಯಾನು ಬಂದು ನಿಂತಿತ್ತು. ಸನ್ನಿಧಿ ಹತ್ತಿರ ಬಂದು, ಅವಳ ಬೆವೆತ ಮುಖವನ್ನು, ಬಿಚ್ಚಿದ ತುರುಬನ್ನು, ಚಾಚಿದ ಕೈಗಳನ್ನು ನೋಡಿದಳು. ಹೆದರಲಿಲ್ಲ. ಹಿರಿಯರೊಡನೆ ಹೇಗೆ ಮಾತಾಡಬೇಕೆಂದು ಅವಳಿಗೆ ಚೆನ್ನಾಗಿ ಕಲಿಸಿದ್ದರು.

"ಆಂಟಿ, ಸ್ವಲ್ಪ ಸರೀರಿ" ಎಂದಳು. "ನಮ್ಮವ್ವ ಬರಾಕತ್ತಾಳ."

ದಾನೇಶ್ವರಿ ಎದ್ದಳು. ಗೋಡೆಯ ಕಡೆ ಸರಿದು, ಇಬ್ಬರು ಹೋಗುವಷ್ಟು ದಾರಿ ಬಿಟ್ಟು ನಿಂತಳು.